ಕೊಟ್ಟಿಗೆಯ ಬ್ಯಾಟರಿಗೂ ಬೇಕು ಆರೈಕೆ



ಪಶುವೈದ್ಯರು ಹಸು ಬಿಟ್ಟು ಬ್ಯಾಟರಿಯ ವಿಷಯ ಏಕೆ ಹಿಡಿದರು ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಉಣ್ಣೆ ಜ್ವರದಿಂದ ಮಲಗಿದ ಹಸುವನ್ನು ನೋಡಲು ಹೋದಾಗ ನಾವು ಕೇಳುವ ಮೊದಲ ಪ್ರಶ್ನೆ, "ಉಣ್ಣೆಗೆ ಔಷಧಿ ಹೊಡೆದಿದ್ರಾ?" ಎಂಬುದು. ಬರುವ ಉತ್ತರ ಹೆಚ್ಚಾಗಿ ಒಂದೇ: "ಹೊಡೆದ್ವಿ ಡಾಕ್ಟ್ರೇ, ಆದ್ರೆ ಮೆಷಿನ್ನು ಚಾರ್ಜೇ ನಿಲ್ಲಲ್ಲ, ಅರ್ಧಕ್ಕೇ ನಿಂತೋಯ್ತು." ಔಷಧಿಯಲ್ಲಿ ತಪ್ಪಿಲ್ಲ, ಹೊಡೆದವರಲ್ಲೂ ತಪ್ಪಿಲ್ಲ. ಬೆನ್ನಿಗೆ ಹಾಕಿಕೊಂಡ ಸ್ಪ್ರೇಯರ್ ಒಳಗಿನ ಬ್ಯಾಟರಿ ಸತ್ತಿದೆ.

ಬ್ಯಾಟರಿ ಸೊರಗಿದ ಸ್ಪ್ರೇಯರ್ ಪೂರ್ತಿ ನಿಂತು ಹೋದರೆ ಒಂದು ಲೆಕ್ಕಕ್ಕೆ ಒಳ್ಳೆಯದು, ಕೆಲಸ ಆಗಲಿಲ್ಲ ಎಂದಾದರೂ ತಿಳಿಯುತ್ತದೆ. ನಿಲ್ಲದೆ ಕುಂಟುತ್ತಾ ನಡೆದರೆ ಹೆಚ್ಚು ತೊಂದರೆ. ಒತ್ತಡ ಇಳಿದು ಔಷಧಿ ಮಂಜಿನಂತೆ ಬೀಳುವ ಬದಲು ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಬೆನ್ನು ಒದ್ದೆಯಾಗುತ್ತದೆ, ಆದರೆ ಉಣ್ಣೆ ಕಚ್ಚಿ ಕೂರುವ ಜಾಗಗಳಾದ ಕೆಚ್ಚಲಿನ ಸಂದು, ತೊಡೆಯ ಒಳಭಾಗ, ಕಿವಿಯ ಒಳಗೆ, ಬಾಲದ ಬುಡ ಒಣಗೇ ಉಳಿಯುತ್ತವೆ. ಸಾಯುವಷ್ಟು ಔಷಧಿ ತಾಗದೆ ಬದುಕಿದ ಉಣ್ಣೆ ಮುಂದಿನ ಸಲ ಅದೇ ಔಷಧಿಗೆ ಜಗ್ಗದ ಸಂತತಿಯನ್ನು ಬೆಳೆಸುತ್ತದೆ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಉಣ್ಣೆ ನೆಲಕ್ಕೆ ಉದುರಿ ಗೋಡೆಯ ಬಿರುಕಿನಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಡಬಲ್ಲದು. ಅದಕ್ಕೇ ಗೋಡೆ, ಗೋದಲಿ, ಬಿರುಕು ಎಲ್ಲಕ್ಕೂ ಹೊಡೆಯಿರಿ, ವೈದ್ಯರು ಹೇಳಿದ ಅಂತರದಲ್ಲಿ ಮತ್ತೊಮ್ಮೆ ಹೊಡೆಯಿರಿ ಎಂದು ನಾವು ಪ್ರತಿ ಸಲ ಹೇಳುವುದು. ಎರಡನೇ ಸಲದ ಹೊತ್ತಿಗೆ ಮೆಷಿನ್ ಎದ್ದೇಳದಿದ್ದರೆ ಮೊದಲ ಸಲದ ಔಷಧಿಯೂ ವ್ಯರ್ಥವಾದ ಹಾಗೆಯೇ.

ಈಗ ಕೊಟ್ಟಿಗೆಯಲ್ಲಿ ಸ್ಪ್ರೇಯರ್ ಒಂದೇ ಅಲ್ಲ. ಬ್ಯಾಟರಿಯಲ್ಲಿ ಓಡುವ ಹುಲ್ಲು ಕೊಯ್ಯುವ ಮೆಷಿನ್ನು, ಡ್ರಿಲ್ಲು, ಗೊರಸು ಸವರುವವರ ಕೈಯ ಗ್ರೈಂಡರು, ಚಾರ್ಜಿಂಗ್ ಟಾರ್ಚು ಎಲ್ಲ ಬಂದಿವೆ. ಬ್ಯಾಟರಿ ಹೋದರೆ ಹೊಸದಕ್ಕೆ ಒಂದು ಬಟವಾಡೆಯ ದುಡ್ಡು ಕರಗುತ್ತದೆ. ಬಹುಪಾಲು ಬ್ಯಾಟರಿಗಳು ಹೆಚ್ಚು ದುಡಿದು ಸಾಯುವುದಿಲ್ಲ, ಮೂಲೆಯಲ್ಲಿ ಸುಮ್ಮನೆ ಕೂತು ಸಾಯುತ್ತವೆ. ಈ ಪಾಠದಲ್ಲಿ ಅದನ್ನೇ ಬಿಡಿಸಿ ನೋಡೋಣ.

ಮೊದಲು ತಳಿ ಗುರುತಿಸಿ

ಎಚ್‌.ಎಫ್‌. ಹಸುವಿಗೂ ಹಳ್ಳಿಕಾರ್ ಹಸುವಿಗೂ ಒಂದೇ ರೀತಿಯ ಆರೈಕೆ ನಡೆಯುವುದಿಲ್ಲ. ಬ್ಯಾಟರಿಯಲ್ಲೂ ಹಾಗೆ. ನಿಮ್ಮ ಮನೆಯಲ್ಲಿ ಇರಬಹುದಾದವು ಮುಖ್ಯವಾಗಿ ಎರಡು ತಳಿ.

ಒಂದು ಸೀಸದ ಬ್ಯಾಟರಿ, ಅಂಗಡಿಯವರು ಲೆಡ್ ಆಸಿಡ್ ಎನ್ನುತ್ತಾರೆ. ಬೆನ್ನಿಗೆ ಹಾಕುವ ಸ್ಪ್ರೇಯರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಇಟ್ಟಿಗೆಯಾಕಾರದ ಮುಚ್ಚಿದ ಪೆಟ್ಟಿಗೆ, 12 ವೋಲ್ಟ್, 8 ಅಥವಾ 12 ಎ.ಎಚ್‌. ಎಂದು ಬರೆದಿರುತ್ತದೆ. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ, ಗಾತ್ರಕ್ಕೆ ಮೀರಿದ ಭಾರ, ಎರಡು ಕೆ.ಜಿ.ಗಿಂತ ಹೆಚ್ಚು. ಬೈಕು, ಟ್ರ್ಯಾಕ್ಟರು, ಯು.ಪಿ.ಎಸ್‌. ಬ್ಯಾಟರಿಗಳೂ ಇದೇ ಕುಲದವು. ಹಳೆಯ ಕುಲ, ಮೊದಲ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ.

ಇನ್ನೊಂದು ಲಿಥಿಯಂ. ಹುಲ್ಲು ಕೊಯ್ಯುವ ಮೆಷಿನ್, ಡ್ರಿಲ್, ಗ್ರೈಂಡರ್‌ಗಳಿಗೆ ಕೆಳಗಿನಿಂದ ಜಾರಿಸಿ ಸಿಕ್ಕಿಸುವ ಹಗುರವಾದ ಬ್ಯಾಟರಿ ಇದು. ಮೊಬೈಲ್ ಒಳಗಿರುವುದೂ ಇದರ ಬಂಧುವೇ. ಇತ್ತೀಚೆಗೆ ಕೆಲವು ಸ್ಪ್ರೇಯರ್‌ಗಳೂ ಲಿಥಿಯಂ ಹಾಕಿಕೊಂಡು ಬರುತ್ತಿವೆ. ಆದ್ದರಿಂದ ಸ್ಪ್ರೇಯರ್ ಎಂದ ಮಾತ್ರಕ್ಕೆ ಸೀಸದ್ದೇ ಎಂದುಕೊಳ್ಳದೆ, ಒಮ್ಮೆ ತಳದ ಮುಚ್ಚಳ ತೆಗೆದು ನೋಡಿ. ಓದಲು ಬರುವ ಮಕ್ಕಳಿಂದ ಮೇಲಿನ ಚೀಟಿ ಓದಿಸಿ.

ಬತ್ತಿದ ಹಸುವಿಗೂ ಮೇವು ಬೇಕು: ಸೀಸದ ಬ್ಯಾಟರಿ

ಹಾಲು ಬತ್ತಿದ ಹಸುವಿಗೆ ಹಿಂಡಿ ನಿಲ್ಲಿಸಿದರೆ ಮುಂದಿನ ಕರುವಿನಲ್ಲಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸೀಸದ ಬ್ಯಾಟರಿಯ ಕಥೆ ಅದೇ. ಕೆಲಸವಿಲ್ಲ ಎಂದು ಚಾರ್ಜ್ ಮಾಡದೆ ಬಿಟ್ಟರೆ ಅದು ಒಳಗೊಳಗೇ ಕೆಡುತ್ತದೆ.

ಅದರೊಳಗೆ ಸೀಸದ ತಟ್ಟೆಗಳೂ ಗಂಧಕಾಮ್ಲವೂ ಇವೆ. ಬ್ಯಾಟರಿ ಕೆಲಸ ಮಾಡುವಾಗ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿ ಪದರ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಹೋಗುತ್ತದೆ. ಆದರೆ ಚಾರ್ಜ್ ಇಲ್ಲದೆ ವಾರಗಟ್ಟಲೆ ಬಿಟ್ಟರೆ ಆ ಪದರ ಗಟ್ಟಿಯಾಗುತ್ತದೆ. ಕುದಿಸುವ ಪಾತ್ರೆಯ ತಳಕ್ಕೆ ಗಡಸು ನೀರಿನ ಬಿಳಿ ಸುಣ್ಣ ಹಿಡಿದಂತೆ ಎಂದುಕೊಳ್ಳಿ. ಹೊಸದಾಗಿದ್ದಾಗ ಉಜ್ಜಿದರೆ ಹೋಗುತ್ತದೆ, ಹಳತಾದರೆ ಹೋಗುವುದಿಲ್ಲ. ಗಟ್ಟಿಯಾದ ಭಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. 12 ಎ.ಎಚ್‌. ಬ್ಯಾಟರಿ 6 ಆಗುತ್ತದೆ, ಆಮೇಲೆ 3 ಆಗುತ್ತದೆ.

ಇಲ್ಲಿ ಹೈನುಗಾರರಿಗೇ ಇರುವ ಒಂದು ತೊಡಕನ್ನು ಗಮನಿಸಿ. ಟೊಮೆಟೊ, ಶುಂಠಿ ಬೆಳೆಯುವವರು ವಾರಕ್ಕೆ ಎರಡು ಮೂರು ಸಲ ಸ್ಪ್ರೇಯರ್ ಹೊರುತ್ತಾರೆ, ರಾತ್ರಿ ತಪ್ಪದೆ ಚಾರ್ಜಿಗೆ ಹಾಕುತ್ತಾರೆ, ಏಕೆಂದರೆ ಮರುದಿನ ಬೇಕು. ನೀವು ನಾಲ್ಕು ಹಸುವಿಗೆ ಒಂದು ಕ್ಯಾನು ಹೊಡೆದು, "ಇನ್ನೂ ಬೇಕಾದಷ್ಟು ಚಾರ್ಜ್ ಇದೆ" ಎಂದು ಗೂಟಕ್ಕೆ ನೇತು ಹಾಕುತ್ತೀರಿ. ಮುಂದೆ ಕೈ ಹಾಕುವುದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅರ್ಧ ತುಂಬಿದ್ದ ಬ್ಯಾಟರಿ ತನ್ನಷ್ಟಕ್ಕೆ ತಾನೂ ಸ್ವಲ್ಪ ಇಳಿದಿರುತ್ತದೆ; ಬೇಸಿಗೆಯ ಶೀಟಿನ ಮನೆಯಲ್ಲಾದರೆ ಇನ್ನೂ ಬೇಗ ಇಳಿಯುತ್ತದೆ. ಸ್ವಿಚ್ ಆರಿಸಲು ಮರೆತಿದ್ದರಂತೂ ಆ ಸಣ್ಣ ದೀಪವೇ ಅದನ್ನು ಖಾಲಿ ಮಾಡಿರುತ್ತದೆ. ಕಡಿಮೆ ದುಡಿದ ಬ್ಯಾಟರಿ ಹೆಚ್ಚು ದುಡಿದದ್ದಕ್ಕಿಂತ ಮೊದಲು ಸಾಯುವುದು ಹೀಗೆ.

ಆದ್ದರಿಂದ ಸೀಸದ ಬ್ಯಾಟರಿಗೆ ಎರಡೇ ನಿಯಮ. ಒಂದು ಕ್ಯಾನು ಹೊಡೆದಿರಲಿ, ಹತ್ತು ಕ್ಯಾನು ಹೊಡೆದಿರಲಿ, ಅದೇ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಸ್ವಿಚ್ ಆರಿಸಿ ಇಡಿ. ಬಳಸದೆ ಇಟ್ಟಿದ್ದರೆ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ದಿನ ನೆನಪಿರುವುದಿಲ್ಲ ಎನ್ನುವವರು ಅಮಾವಾಸ್ಯೆಗೆ ಗಂಟು ಹಾಕಿಕೊಳ್ಳಿ, ಕ್ಯಾಲೆಂಡರಿನಲ್ಲಿ ಹೇಗೂ ಗುರುತಿರುತ್ತದೆ. ಕರುಗಳಿಗೆ ಜಂತುಹುಳು ಔಷಧಿಯ ತಾರೀಕನ್ನು ಹೀಗೆ ನೆನಪಿಡುವವರು ನನಗೆ ಗೊತ್ತು.

ಎಷ್ಟು ಹೊತ್ತು ಚಾರ್ಜ್ ಮಾಡಬೇಕು? ಲೆಕ್ಕ ಸುಲಭ. ಬ್ಯಾಟರಿಯ ಎ.ಎಚ್‌. ಅಂಕಿಯನ್ನು ಚಾರ್ಜರ್ ಮೇಲೆ ಬರೆದ ಆಂಪಿಯರ್ ಅಂಕಿಯಿಂದ ಭಾಗಿಸಿ, ಅದಕ್ಕೆ ಒಂದೆರಡು ಗಂಟೆ ಸೇರಿಸಿ. 12 ಎ.ಎಚ್‌. ಬ್ಯಾಟರಿಗೆ 1.7 ಆಂಪಿಯರ್ ಚಾರ್ಜರ್ ಇದ್ದರೆ, ಪೂರ್ತಿ ಖಾಲಿಯಾಗಿದ್ದಾಗ ಎಂಟು ಒಂಬತ್ತು ಗಂಟೆ ಬೇಕು. ಸ್ವಲ್ಪವೇ ಬಳಸಿದ್ದರೆ ಬೇಗ ಮುಗಿಯುತ್ತದೆ. ಚಾರ್ಜರಿನ ಕೆಂಪು ದೀಪ ಹಸಿರಾದ ಮೇಲೆ ಇನ್ನೊಂದೆರಡು ಗಂಟೆ ಬಿಟ್ಟರೆ ಬ್ಯಾಟರಿಗೆ ಒಳ್ಳೆಯದೇ, ಆಮೇಲೆ ತೆಗೆಯಿರಿ. ದಿನಗಟ್ಟಲೆ ಹಾಕಿ ಮರೆಯಬೇಡಿ. ಅಗ್ಗದ ಚಾರ್ಜರ್‌ಗಳು ತಾವಾಗಿ ನಿಲ್ಲುವುದಿಲ್ಲ, ಒಳಗಿನ ತೇವವನ್ನು ಒಣಗಿಸಿಬಿಡುತ್ತವೆ.

ಕೆಲವು ಸ್ಪ್ರೇಯರ್‌ಗಳಲ್ಲಿ ವೋಲ್ಟ್ ತೋರಿಸುವ ಸಣ್ಣ ಪರದೆ ಇರುತ್ತದೆ. ಅದನ್ನು ಓದುವ ಹೊತ್ತು ಮುಖ್ಯ. ಪಂಪು ಓಡುವಾಗ ನೋಡಿದರೆ ಅಂಕಿ ಇಳಿದಿರುತ್ತದೆ, ಚಾರ್ಜರ್ ಕಿತ್ತ ಕೂಡಲೇ ನೋಡಿದರೆ ಏರಿರುತ್ತದೆ. ಎರಡೂ ನಂಬುವಂಥದ್ದಲ್ಲ. ಚಾರ್ಜ್ ಮುಗಿಸಿ ಕೆಲವು ಗಂಟೆ ಬಿಟ್ಟು, ಪಂಪು ಹಾಕದೆ ನೋಡಿ. 12.7 ಅಥವಾ ಅದಕ್ಕಿಂತ ಮೇಲಿದ್ದರೆ ತುಂಬಿದೆ. 12.2 ಆಸುಪಾಸು ಇದ್ದರೆ ಅರ್ಧ. 11.8 ಎಂದರೆ ಹಸಿದು ಬಿದ್ದ ಸ್ಥಿತಿ, ಅದೇ ದಿನ ಚಾರ್ಜಿಗೆ ಹಾಕಬೇಕು.

ಸತ್ತ ಬ್ಯಾಟರಿಯ ಗುರುತೂ ತಿಳಿದಿರಲಿ. ಖಾಲಿಯಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ ಅರ್ಧ ಗಂಟೆಗೇ ಹಸಿರು ದೀಪ ಬಂದರೆ ಖುಷಿ ಪಡಬೇಡಿ. ಹಿಂಡಿಯ ಬಾನಿಗೆ ಮೂತಿ ಇಟ್ಟು ಎರಡೇ ತುತ್ತಿಗೆ ತಲೆ ತಿರುಗಿಸುವ ಹಸುವಿನ ಹಾಗೆ ಅದು. ಹೊಟ್ಟೆ ತುಂಬಿದ್ದಲ್ಲ, ತಿನ್ನುವ ಶಕ್ತಿ ಇಲ್ಲದ್ದು. ತುಂಬಿದೆ ಎಂದು ತೋರಿಸಿ ಪಂಪು ಹಾಕಿದ ಐದು ನಿಮಿಷಕ್ಕೆ ಉಸಿರು ಬಿಟ್ಟರೆ ಬ್ಯಾಟರಿ ಬದಲಿಸುವ ಕಾಲ ಬಂತು. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಸಲ ನಳಿಕೆಯ ಬಾಯಿ ಮತ್ತು ಒಳಗಿನ ಜಾಲರಿ ತೊಳೆದು ನೋಡಿ. ಕಸ ಕಟ್ಟಿದ ನಳಿಕೆಗೆ ಬ್ಯಾಟರಿಯನ್ನು ಬೈದು ಹೊಸದು ತಂದವರೂ ಇದ್ದಾರೆ.

ತಂತಿ ಸಿಕ್ಕಿಸುವ ತುದಿಗಳಲ್ಲಿ ಬಿಳಿ ಅಥವಾ ಹಸಿರು ಹಿಟ್ಟು ಕಟ್ಟಿದ್ದರೆ, ತಂತಿ ಬಿಡಿಸಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಸಿಕ್ಕಿಸಿದ ಮೇಲೆ ಮೊಲೆತೊಟ್ಟಿಗೆ ಹಚ್ಚಲು ಇಟ್ಟ ವ್ಯಾಸಲೀನನ್ನೇ ಒಂದಿಷ್ಟು ಸವರಿ. ಕೊಟ್ಟಿಗೆಯ ಗಂಜಲದ ಗಾಳಿಯಲ್ಲಿರುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಕೊಟ್ಟಿಗೆಯ ಗೂಟ ಸ್ಪ್ರೇಯರ್ ಇಡುವ ಜಾಗವಲ್ಲ ಎನ್ನುವುದಕ್ಕೆ ಇದು ಒಂದು ಕಾರಣ.

"ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು" ಎಂಬ ಮಾತು

ಈ ಮಾತು ಪ್ರತಿ ಊರಲ್ಲೂ ಇದೆ. ಸುಳ್ಳು ಎಂದು ತಳ್ಳಿ ಹಾಕುವುದಕ್ಕಿಂತ ಎಲ್ಲಿಂದ ಬಂತು ಎಂದು ಹೇಳಿದರೆ ಒಳ್ಳೆಯದು. ಹಿಂದೆ ನಿಕಲ್ ಕ್ಯಾಡ್ಮಿಯಂ ಎಂಬ ಇನ್ನೊಂದು ತಳಿಯ ಬ್ಯಾಟರಿ ಬಳಕೆಯಲ್ಲಿತ್ತು. ಹಳೆಯ ಡ್ರಿಲ್ಲು, ಚಾರ್ಜಿಂಗ್ ಟಾರ್ಚುಗಳಲ್ಲಿ ಅದೇ ಇರುತ್ತಿತ್ತು. ಅದನ್ನು ಮತ್ತೆ ಮತ್ತೆ ಅರ್ಧಕ್ಕೇ ಚಾರ್ಜ್ ಮಾಡಿದರೆ ಅಷ್ಟಕ್ಕೇ ಒಗ್ಗಿಕೊಂಡು ಬಿಡುತ್ತದೆ ಎಂಬ ಕಾರಣಕ್ಕೆ ಆಗಾಗ ಖಾಲಿ ಮಾಡಿ ತುಂಬಿಸಲು ಹೇಳುತ್ತಿದ್ದರು. ಆ ಬ್ಯಾಟರಿ ಹೆಚ್ಚುಕಡಿಮೆ ಹೋಯಿತು, ಮಾತು ಉಳಿಯಿತು.

ಇಂದಿನ ಎರಡು ತಳಿಗೂ ಈ ಬುದ್ಧಿವಾದ ವಿಷ. ಸೀಸದ ಬ್ಯಾಟರಿಯನ್ನು ಪ್ರತಿ ಸಲ ಪೂರ್ತಿ ಇಳಿಸಿ ತುಂಬಿಸಿದರೆ ಇನ್ನೂರು ಮುನ್ನೂರು ಸಲಕ್ಕೆ ಸುಸ್ತಾಗುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸದೆ ತುಂಬಿಸುತ್ತಾ ಬಂದರೆ ಅದರ ಎರಡರಷ್ಟು ಸಲ ಬರುತ್ತದೆ. ಲಿಥಿಯಂ ಕೂಡ ಅಷ್ಟೇ, ಸ್ವಲ್ಪ ಸ್ವಲ್ಪ ಬಳಸಿ ಸ್ವಲ್ಪ ಸ್ವಲ್ಪ ತುಂಬಿಸುವುದೇ ಅದಕ್ಕೆ ಹಿತ.

ಲಿಥಿಯಂ: ಹಗುರ, ಚುರುಕು, ಸ್ವಲ್ಪ ಮುಂಗೋಪಿ

ಸೀಸದ ಬ್ಯಾಟರಿಗೆ ಹೇಳಿದ್ದರಲ್ಲಿ ಒಂದು ಮಾತು ಇಲ್ಲಿ ತಲೆಕೆಳಗಾಗುತ್ತದೆ. ಸೀಸದ್ದನ್ನು ತುಂಬಿಸಿ ಇಡಬೇಕು, ಲಿಥಿಯಂ ಅನ್ನು ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಅರ್ಧ ತುಂಬಿಸಿ ಇಡಬೇಕು. ಮೇಲೆ ನಾಲ್ಕು ದೀಪವಿದ್ದರೆ ಎರಡು ಉರಿಯುವಷ್ಟು. ಪೂರ್ತಿ ತುಂಬಿ ಬಿಸಿಯಲ್ಲಿ ಇಟ್ಟ ಲಿಥಿಯಂ ಬೇಗ ಮುದಿಯಾಗುತ್ತದೆ. ಪೂರ್ತಿ ಖಾಲಿ ಮಾಡಿ ಇಟ್ಟರೆ ಒಳಗಿನ ಕಾವಲು ಸರ್ಕ್ಯೂಟ್ ಬಾಗಿಲು ಮುಚ್ಚಿಕೊಳ್ಳುತ್ತದೆ, ಚಾರ್ಜರ್ ಹಾಕಿದರೂ ತೆಗೆಯುವುದಿಲ್ಲ. ಮಳೆಗಾಲದ ಹಸಿಮೇವು ಮುಗಿದು ಹುಲ್ಲು ಕೊಯ್ಯುವ ಮೆಷಿನ್ ಮೇಲಿಡುವಾಗ ಬ್ಯಾಟರಿಯನ್ನು ಮೆಷಿನ್ನಿನಿಂದ ಬಿಡಿಸಿ, ಅರ್ಧ ಚಾರ್ಜಿನಲ್ಲಿ, ಮನೆಯ ತಂಪು ಮೂಲೆಯಲ್ಲಿಡಿ. ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಫ್ರಿಜ್ಜಿನಲ್ಲಿ ಇಡುವ ಜಾಣತನ ಬೇಡ, ಹೊರತೆಗೆದಾಗ ಬೆವರಿ ಒಳಗೆ ನೀರಾಗುತ್ತದೆ.

ಲಿಥಿಯಂನ ದೊಡ್ಡ ಶತ್ರು ಬಿಸಿ. 45 ಡಿಗ್ರಿ ಸೆಲ್ಸಿಯಸ್ ದಾಟಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು. ಏಪ್ರಿಲ್ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ, ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯೊಳಗೆ ಆ ಬಿಸಿ ಸುಲಭವಾಗಿ ಬರುತ್ತದೆ. ಒಂದು ಹೊರೆ ಹುಲ್ಲು ಕೊಯ್ದು ಬಂದಾಗ ಬ್ಯಾಟರಿ ಕೈಗೆ ಬಿಸಿ ತಾಗಿದರೆ, ನೆರಳಲ್ಲಿ ಅರ್ಧ ಗಂಟೆ ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ. ಬಿಸಿಲಲ್ಲಿ ಮೇದು ಬಂದ ಹಸುವನ್ನು ಸ್ವಲ್ಪ ಹೊತ್ತು ನೆರಳಿಗೆ ಕಟ್ಟಿ ಆಮೇಲೆ ತಾನೇ ನೀವು ಕರೆಯಲು ಕೂರುವುದು.

ಚಾರ್ಜರ್ ಅದಲು ಬದಲು ಮಾಡುವುದು ಎಲ್ಲಕ್ಕಿಂತ ಅಪಾಯ. ತೂತು ಹೊಂದುತ್ತದೆ ಎಂದು ಸಿಕ್ಕಿಸಿಬಿಡುತ್ತೇವೆ. 12 ವೋಲ್ಟಿನ ಸೀಸದ ಬ್ಯಾಟರಿಯ ಚಾರ್ಜರ್ 14.4 ವೋಲ್ಟ್ ಸುಮಾರಿಗೆ ತಳ್ಳುತ್ತದೆ. ಅದೇ 12 ವೋಲ್ಟ್ ಎಂದು ಮಾರುವ ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ ತಡೆಯುವುದು 12.6 ವೋಲ್ಟ್ ಮಾತ್ರ. ಹೆಚ್ಚು ತಳ್ಳಿದರೆ ಒಳಗಿನ ಕಾವಲು ಕೈಕೊಟ್ಟ ದಿನ ಬೆಂಕಿ. ತಿರುಗಿಸಿ, ಲಿಥಿಯಂ ಚಾರ್ಜರನ್ನು ಸೀಸದ್ದಕ್ಕೆ ಹಾಕಿದರೆ ಬೆಂಕಿಯಿಲ್ಲ, ಆದರೆ ಅದು ಎಂದೂ ಪೂರ್ತಿ ತುಂಬುವುದಿಲ್ಲ, ಮೇಲೆ ಹೇಳಿದ ಬಿಳಿ ಪದರ ಕಟ್ಟಿ ಸಾಯುತ್ತದೆ. ಯಾವ ಚಾರ್ಜರ್ ಯಾವುದರದ್ದು ಎಂದು ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಸೊಸೆ, ಅತ್ತೆ, ಮಕ್ಕಳು ಎಲ್ಲರಿಗೂ ಒಂದೇ ನೋಟಕ್ಕೆ ತಿಳಿಯಬೇಕು.

ಹೊಟ್ಟೆಯುಬ್ಬರವಾಗಿ ಹಸು ಸಾಯುವ ಸ್ಥಿತಿಯಲ್ಲಿದ್ದಾಗ ನಾವು ಟ್ರೋಕಾರ್ ಚುಚ್ಚಿ ಗಾಳಿ ಬಿಡಿಸುವುದನ್ನು ನೋಡಿರುತ್ತೀರಿ. ಉಬ್ಬಿದ ಲಿಥಿಯಂ ಬ್ಯಾಟರಿಗೆ ಆ ಚಿಕಿತ್ಸೆ ಮಾಡಬೇಡಿ. ಚುಚ್ಚಿದರೆ, ಒತ್ತಿದರೆ ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆ ಉಬ್ಬಿದ್ದರೆ, ಪ್ಲಾಸ್ಟಿಕ್ ಕರಗಿದ ಗುರುತಿದ್ದರೆ, ಚಾರ್ಜಿನಲ್ಲಿ ಮುಟ್ಟಲಾರದಷ್ಟು ಬಿಸಿಯಾದರೆ, ಬಣ್ಣದ ಥಿನ್ನರಿನಂತಹ ವಾಸನೆ ಬಂದರೆ ಮತ್ತೆ ಚಾರ್ಜ್ ಮಾಡಬೇಡಿ. ಮನೆ, ಕೊಟ್ಟಿಗೆ, ಹುಲ್ಲಿನ ಮೆದೆಯಿಂದ ದೂರ ಬಯಲಿನಲ್ಲಿ ಮರಳಿನ ಮೇಲಿಡಿ, ಮಕ್ಕಳ ಕೈಗೂ ದನಗಳ ಬಾಯಿಗೂ ಸಿಗದ ಹಾಗೆ.

ಎಲ್ಲಿ ಚಾರ್ಜ್ ಮಾಡಬೇಕು

ಕೊಟ್ಟಿಗೆಯಲ್ಲಿ ಬೇಡ. ನೆಲ ಒದ್ದೆ, ಗೋಡೆ ಒದ್ದೆ, ಮೇಲೆ ಹುಲ್ಲು. ವಿದ್ಯುತ್ ಸೋರಿದರೆ ನಾಲ್ಕು ಕಾಲೂ ಒದ್ದೆ ನೆಲದಲ್ಲಿರುವ ಹಸುವಿಗೆ ನಮಗಿಂತ ಬೇಗ, ನಮಗಿಂತ ಜೋರಾಗಿ ತಾಗುತ್ತದೆ. ತೋಟದ ಶೆಡ್ಡಿಗೆ ಪಂಪ್‌ಸೆಟ್ ಲೈನಿನಿಂದ ಕರೆಂಟು ಎಳೆದಿದ್ದರೆ ಅದು ದಿನಕ್ಕೆ ಕೆಲವೇ ಗಂಟೆ ಬರುವುದು, ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಮನೆಯ ಸಿಂಗಲ್ ಫೇಸ್ ಲೈನಿನಲ್ಲಿ, ಗಾಳಿಯಾಡುವ ಜಗಲಿ ಅಥವಾ ಪಡಸಾಲೆಯಲ್ಲಿ, ಸಿಮೆಂಟು ನೆಲದ ಮೇಲೆ ಇಟ್ಟು ಚಾರ್ಜ್ ಮಾಡಿ. ಒಲೆಯ ಹತ್ತಿರ ಬೇಡ. ಸೀಸದ ಬ್ಯಾಟರಿ ಅತಿಯಾಗಿ ಚಾರ್ಜ್ ಆದರೆ ಹೊತ್ತಿಕೊಳ್ಳುವ ಗಾಳಿ ಬಿಡುತ್ತದೆ. ಚೀಲದ ರಾಶಿ, ಹಾಸಿಗೆ, ಹಿಂಡಿ ಮೂಟೆಗಳ ಮೇಲೂ ಬೇಡ. ಔಷಧಿ ಹೊಡೆದ ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಂಡೇ ಪ್ಲಗ್ ಮುಟ್ಟಿ. ಮನೆಯಲ್ಲಿ ಇ.ಎಲ್‌.ಸಿ.ಬಿ. ಸ್ವಿಚ್ ಇಲ್ಲದಿದ್ದರೆ ಬ್ಯಾಟರಿಗಾಗಿ ಅಲ್ಲದಿದ್ದರೂ ಹಾಲು ಕರೆಯುವ ಯಂತ್ರಕ್ಕಾಗಿ, ಚಾಫ್ ಕಟರಿಗಾಗಿ ಒಂದನ್ನು ಹಾಕಿಸಿಕೊಳ್ಳಿ.

ಲಿಥಿಯಂ ಅನ್ನು ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕುವುದಕ್ಕಿಂತ ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬರುವ ಹೊತ್ತಿನಿಂದ ಅಡುಗೆ ಮುಗಿಯುವವರೆಗೆ ಹಾಕುವುದು ನನ್ನ ಸಲಹೆ. ಕಣ್ಣಳತೆಯಲ್ಲಿರುತ್ತದೆ. ಅಕಸ್ಮಾತ್ ಹೊಗೆ ಬಂದರೆ ಮೈನ್ ಸ್ವಿಚ್ ಆರಿಸಿ, ಜನರನ್ನು ಹೊರಗೆ ಕಳಿಸಿ, ಕೊಟ್ಟಿಗೆ ಅಂಟಿಕೊಂಡಿದ್ದರೆ ದನ ಬಿಚ್ಚಿ. ಆ ಹೊಗೆ ವಿಷ, ಅದರೊಳಗೆ ನಿಂತು ಬ್ಯಾಟರಿ ಉಳಿಸಲು ಹೋಗಬೇಡಿ. ಕರೆಂಟು ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು. 112ಕ್ಕೆ ಕರೆ ಮಾಡಿ.

ಕೊಳ್ಳುವಾಗ

ಹುಲ್ಲು ಕೊಯ್ಯುವ ಮೆಷಿನ್ನಿಗೆ ಒಂದರ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 21 ವೋಲ್ಟ್ ಎಂದಿರುತ್ತದೆ. 21 ಹೆಚ್ಚು ಶಕ್ತಿ ಎಂದು ಅಂಗಡಿಯವರು ಹೇಳಿಯಾರು. ಸಾಮಾನ್ಯವಾಗಿ ಎರಡರ ಒಳಗೂ ಐದೇ ಸೆಲ್ಲುಗಳ ಸಾಲು. ಒಂದು ಸೆಲ್ಲಿನ ಸರಾಸರಿ 3.6 ವೋಲ್ಟ್, ಐದಕ್ಕೆ 18. ಪೂರ್ತಿ ತುಂಬಿದಾಗ ಒಂದಕ್ಕೆ 4.2, ಐದಕ್ಕೆ 21. ಒಂದೇ ಹಸುವಿನ ಹಾಲನ್ನು ಒಬ್ಬರು ನೊರೆ ಇಳಿದ ಮೇಲೆ ಅಳೆದರು, ಇನ್ನೊಬ್ಬರು ನೊರೆಯ ಸಮೇತ ಅಳೆದರು, ಅಷ್ಟೇ. 48, 88 ಎಂದು ದಪ್ಪಕ್ಷರದಲ್ಲಿ ಬರೆದ ಅಗ್ಗದ ಸಣ್ಣ ಬ್ಯಾಟರಿ ಕಂಡರೆ ಆ ಅಂಕಿಯನ್ನು ನಂಬಿ ದುಡ್ಡು ಕೊಡಬೇಡಿ.

ಸಂಘದಲ್ಲಿ ನಿಮಗೆ ದುಡ್ಡು ಬರುವುದು ಬರೀ ಲೀಟರ್ ನೋಡಿ ಅಲ್ಲ, ಫ್ಯಾಟು ಎಸ್‌.ಎನ್‌.ಎಫ್‌. ಕೂಡ ನೋಡಿ. ಬ್ಯಾಟರಿಯಲ್ಲೂ ಬರೀ ವೋಲ್ಟ್ ನೋಡಬಾರದು. ವೋಲ್ಟನ್ನು ಎ.ಎಚ್‌.ನಿಂದ ಗುಣಿಸಿ. 12 ವೋಲ್ಟ್ 8 ಎ.ಎಚ್‌. ಎಂದರೆ 96, 12 ವೋಲ್ಟ್ 12 ಎ.ಎಚ್‌. ಎಂದರೆ 144, 18 ವೋಲ್ಟ್ 4 ಎ.ಎಚ್‌. ಎಂದರೆ 72. ಒಳಗಿರುವ ಕಸುವು ಆ ಗುಣಿಸಿದ ಅಂಕಿ. ಸೀಸದ ಬ್ಯಾಟರಿಯಾದರೆ ತಯಾರಾದ ತಿಂಗಳನ್ನೂ ಕೇಳಿ. ಅಂಗಡಿಯ ಕಪಾಟಿನಲ್ಲಿ ಚಾರ್ಜಿಲ್ಲದೆ ವರ್ಷ ಕೂತದ್ದು ನಿಮ್ಮ ಗೂಟದಲ್ಲಿ ಕೂತದ್ದಕ್ಕಿಂತ ಬೇರೆಯಲ್ಲ.

ಮೂರು ನಾಲ್ಕು ಹಸುವಿನ ಮನೆಗೊಂದು ಸ್ಪ್ರೇಯರ್ ಬೇಕೇ ಬೇಕೆಂದೂ ಇಲ್ಲ. ಮಹಿಳಾ ಸಂಘಗಳಲ್ಲಿ, ಸ್ವಸಹಾಯ ಗುಂಪುಗಳಲ್ಲಿ ಐದಾರು ಮನೆ ಸೇರಿ ಒಂದು ಇಟ್ಟುಕೊಂಡರೆ ಮೆಷಿನ್ ವಾರಕ್ಕೊಮ್ಮೆಯಾದರೂ ಓಡುತ್ತದೆ, ಬ್ಯಾಟರಿಯೂ ಬದುಕುತ್ತದೆ. ಆದರೆ ಒಂದು ಕಟ್ಟುಪಾಡು ಮಾಡಿಕೊಳ್ಳಿ: ಒಯ್ದವರು ಕ್ಯಾನು ತೊಳೆದು, ಚಾರ್ಜ್ ತುಂಬಿಸಿ ಹಿಂತಿರುಗಿಸಬೇಕು. ಯಾರು ಯಾವತ್ತು ಒಯ್ದರು, ಯಾವ ಔಷಧಿ ಹೊಡೆದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ನಮಗೂ ಉಪಯೋಗಕ್ಕೆ ಬರುತ್ತದೆ, ಊರಿನಲ್ಲಿ ಯಾವ ಔಷಧಿಗೆ ಉಣ್ಣೆ ಜಗ್ಗುತ್ತಿಲ್ಲ ಎಂದು ತಿಳಿಯಲು.

ಸತ್ತ ಬ್ಯಾಟರಿ ಹಿತ್ತಲಿಗೆ ಬೇಡ

ಪಶುವೈದ್ಯರಾಗಿ ನಾನು ಹೇಳಲೇಬೇಕಾದ ಮಾತು ಇದು. ಹಳೆಯ ಸ್ಪ್ರೇಯರ್ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿ, ಯು.ಪಿ.ಎಸ್‌. ಬ್ಯಾಟರಿ ಕೊಟ್ಟಿಗೆಯ ಹಿಂದೆ ಬಿದ್ದಿರುತ್ತದೆ. ಬಿಸಿಲಿಗೆ ಪೆಟ್ಟಿಗೆ ಬಿರಿಯುತ್ತದೆ, ಇಲ್ಲವೇ ಹುಡುಗರು ಸೀಸಕ್ಕಾಗಿ ಒಡೆಯುತ್ತಾರೆ. ಒಳಗಿನ ಬೂದು ಪುಡಿಯ ರುಚಿ ದನಗಳಿಗೆ ಹಿಡಿಸುತ್ತದೆ. ಉಪ್ಪಿನ ಇಟ್ಟಿಗೆಯನ್ನು ನೆಕ್ಕುವ ಹಾಗೆ ನೆಕ್ಕುತ್ತವೆ. ಎಲ್ಲವನ್ನೂ ಬಾಯಿಗೆ ಹಾಕಿ ನೋಡುವ ಕರುಗಳಿಗಂತೂ ಹೇಳುವುದೇ ಬೇಡ. ಖನಿಜ ಮಿಶ್ರಣ ಕೊಡದ ದನಗಳಲ್ಲಿ ಮಣ್ಣು, ಮೂಳೆ, ಬಟ್ಟೆ ನೆಕ್ಕುವ ಚಟ ಇರುವುದರಿಂದ ಅಪಾಯ ಇನ್ನೂ ಹೆಚ್ಚು. ಒಡೆದ ತಟ್ಟೆಯ ಚೂರು ಮೇವಿನಲ್ಲಿ ಸೇರಿ ಚಾಫ್ ಕಟರಿನಲ್ಲಿ ಪುಡಿಯಾಗಿ ಬಿದ್ದರೆ ಒಂದೇ ಗೋದಲಿಯ ಎಲ್ಲ ದನಗಳಿಗೂ ಹಂಚಿದ ಹಾಗಾಗುತ್ತದೆ.

ಸೀಸ ಹೊಟ್ಟೆಗೆ ಹೋದ ಕರು ಇದ್ದಕ್ಕಿದ್ದಂತೆ ಕುರುಡಾದ ಹಾಗೆ ಗೋಡೆಗೆ ಹಾಯುತ್ತದೆ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಬಾಯಲ್ಲಿ ನೊರೆ, ಕಿವಿ ಕಣ್ಣು ಅದುರು, ಅರಚಾಟ, ಕೊನೆಗೆ ಸೆಟೆದು ಬೀಳುತ್ತದೆ. ದೊಡ್ಡ ಹಸುವಿನಲ್ಲಿ ಮೆಲ್ಲಗೆ ಬರಬಹುದು: ಮೇವು ಬಿಡುವುದು, ಮೆಲುಕು ನಿಲ್ಲುವುದು, ಹಾಲು ಇಳಿಯುವುದು, ಮೊದಲು ಮಲಬದ್ಧತೆ ಆಮೇಲೆ ನಾರುವ ಭೇದಿ, ಮಂಕು ಕವಿದು ದಾರಿ ಕಾಣದಂತೆ ನಡೆಯುವುದು. ಹೆಚ್ಚು ಹೊಟ್ಟೆಗೆ ಹೋಗಿದ್ದರೆ ಲಕ್ಷಣ ಕಾಣಿಸಿದ ಒಂದೆರಡು ದಿನದಲ್ಲೇ ಸಾಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಹುಚ್ಚುನಾಯಿ ರೋಗದ ಲಕ್ಷಣಗಳೂ ಹೀಗೇ ಕಾಣುತ್ತವೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬರಿಗೈ ಹಾಕಬೇಡಿ, ಎಣ್ಣೆ ಕುಡಿಸಲು ಹೋಗಬೇಡಿ. ಬಿಗಿಯಾಗಿ ಕಟ್ಟಿ, ಉಳಿದ ದನಗಳಿಂದ ಬೇರೆ ಮಾಡಿ, ಕೂಡಲೇ ವೈದ್ಯರನ್ನು ಕರೆಯಿರಿ. ಹಿತ್ತಲಲ್ಲಿ ಬ್ಯಾಟರಿ ಬಿದ್ದಿತ್ತು ಎಂಬುದನ್ನು ಫೋನಿನಲ್ಲೇ ಹೇಳಿ. ಅದೊಂದು ಮಾತು ತಿಳಿದರೆ ನಾವು ಬೇಕಾದ ಔಷಧಿಯನ್ನು ಹಿಡಿದೇ ಹೊರಡುತ್ತೇವೆ. ಬೇಗ ಸಿಕ್ಕರೆ ಕೆಲವನ್ನು ಉಳಿಸಬಹುದು.

ಹಳೆಯ ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಒಯ್ಯಿರಿ. ಸೀಸಕ್ಕೆ ಬೆಲೆಯಿದೆ, ಹಳತನ್ನು ಲೆಕ್ಕಕ್ಕೆ ಹಿಡಿದು ದುಡ್ಡು ಕಡಿಮೆ ಮಾಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಹಿಂಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು, ಸೀಸದ್ದಕ್ಕೂ ಲಿಥಿಯಂಗೂ. ಒಡೆದು ಸೀಸ ಕರಗಿಸುವವರ ಕೈಗೆ ಕೊಡಬೇಡಿ; ಆ ಬೂದಿ ಬಿದ್ದ ಜಾಗದ ಹುಲ್ಲನ್ನೂ ದನಕ್ಕೆ ಹಾಕಬೇಡಿ. ಪೆಟ್ಟಿಗೆ ಈಗಾಗಲೇ ಒಡೆದಿದ್ದರೆ ಕೈಗವಸು ಹಾಕಿಕೊಂಡು ಚೂರುಗಳನ್ನೂ ಸುತ್ತಲಿನ ಮೇಲ್ಮಣ್ಣನ್ನೂ ಗಟ್ಟಿ ಪ್ಲಾಸ್ಟಿಕ್ ಬಕೆಟಿಗೆ ತುಂಬಿ ಮುಚ್ಚಿ, ಆ ಜಾಗಕ್ಕೆ ದನ ಹೋಗದಂತೆ ಬೇಲಿ ಹಾಕಿ. ಆಮ್ಲ ಮೈಗೆ ಅಥವಾ ಕಣ್ಣಿಗೆ ತಾಗಿದರೆ ಕಾಲು ಗಂಟೆ ಹರಿಯುವ ನೀರಿನಲ್ಲಿ ತೊಳೆಯಿರಿ, ಕಣ್ಣಾದರೆ ಆಸ್ಪತ್ರೆಗೆ ಹೋಗಿ.

ಒಂದು ಹಸು ಸೀಸ ತಿಂದಿದೆ ಎಂದು ಗೊತ್ತಾದರೆ, ಅದರ ಜೊತೆ ಮೇದ ಉಳಿದ ಹಸುಗಳು ಚೆನ್ನಾಗಿಯೇ ಕಂಡರೂ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಸೀಸದ ಚೂರು ಹೊಟ್ಟೆಯ ಜಾಲರಿಚೀಲದಲ್ಲಿ ಕೂತು ತಿಂಗಳುಗಟ್ಟಲೆ ಮೆಲ್ಲಗೆ ರಕ್ತಕ್ಕೆ ಸೇರುತ್ತಿರುತ್ತದೆ, ಹಾಲಿಗೂ ಇಳಿಯುತ್ತದೆ. ಕಾಯಿಸಿದರೆ ಅದು ಹೋಗುವುದಿಲ್ಲ. ವೈದ್ಯರು ಸರಿ ಎನ್ನುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯ ಮಕ್ಕಳಿಗೆ ಕೊಡಬೇಡಿ, ಕರುವಿಗೂ ಕುಡಿಸಬೇಡಿ.